1902: ಕಾವೇರಿಯ ಕಸುವು, ಕೋಲಾರದ ನಗರ

ಮೈಸೂರು ಸಂಸ್ಥಾನದ ಆಧುನಿಕ ಚರಿತ್ರೆಯಲ್ಲಿ 1902ನೆಯ ಇಸವಿಗೆ ಎರಡು ಗುರುತುಗಳಿವೆ. ಆ ವರ್ಷದ ಆಗಸ್ಟ್ 8ರಂದು ವೈಸರಾಯ್ ಲಾರ್ಡ್ ಕರ್ಜನ್ನನ ಸಮ್ಮುಖದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ರಾಜ್ಯಾಧಿಕಾರ ವಹಿಸಲ್ಪಟ್ಟಿತು. ಅದಕ್ಕೆ ಸುಮಾರು ನಲವತ್ತು ದಿನ ಮೊದಲು, ಜೂನ್ 30ರಂದು, ಶಿವನಸಮುದ್ರದಲ್ಲಿ ಉತ್ಪಾದನೆಯಾದ ವಿದ್ಯುತ್ತು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಮೊದಲನೆಯ ಘಟನೆ ಗ್ರಂಥಗಳಲ್ಲಿ ವಿಸ್ತಾರವಾಗಿ ದಾಖಲಾಗಿದೆ. ಎರಡನೆಯದು ಸ್ಪರ್ಧಾತ್ಮಕ ಪರೀಕ್ಷೆಗಳ ಒಂದು ಅಂಕದ ಪ್ರಶ್ನೆಯಾಗಿ ಉಳಿದಿದೆ. ಈ ಎರಡನೆಯ ಘಟನೆಯನ್ನು ಒಂದು ಕೈಗಾರಿಕಾ ನಗರದ ಬೆಳವಣಿಗೆಯ ಘಟ್ಟವನ್ನಾಗಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ನಮ್ಮ ಚಾಮರಾಜನಗರ ಸೀಮೆಗೂ ಶಿವನಸಮುದ್ರಕ್ಕೂ ಇರುವ ನಂಟು ಹಳೆಯದು. ಇಂದಿನ ಚಾಮರಾಜನಗರ ತಾಲ್ಲೂಕಿಗೆ ಸೇರಿದ ಉಮ್ಮತ್ತೂರಿನ ಅರಸು ಗಂಗರಾಜನಿಗೆ ಈ ನಡುಗಡ್ಡೆಯೇ ಆಸರೆಯಾಗಿತ್ತು. ಹದಿನಾರನೆಯ ಶತಮಾನದ ಆರಂಭದಲ್ಲಿ ವಿಜಯನಗರದ ಕೃಷ್ಣದೇವರಾಯನು ಅದನ್ನು ಗೆದ್ದುಕೊಂಡನು. ಮುಂದೆ 1799ರ ಹಂಚಿಕೆಯಲ್ಲಿ ಕೊಳ್ಳೇಗಾಲ ಸೀಮೆಯು ಕಂಪನಿ ಸರ್ಕಾರದ ಪಾಲಾಯಿತು. ಹೀಗೆ ಕಾವೇರಿಯು ಇಲ್ಲಿ ಎರಡು ಆಡಳಿತಗಳ ನಡುವಣ ಗಡಿಯಾಯಿತು: ಎಡದಂಡೆಯ ಮಳವಳ್ಳಿ ಮೈಸೂರಿನದು, ಬಲದಂಡೆಯ ಕೊಳ್ಳೇಗಾಲ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯದು. ಕೊಳ್ಳೇಗಾಲವು ಮತ್ತೆ ಮೈಸೂರಿಗೆ ಸೇರಿದ್ದು 1956ರಲ್ಲಿ. ಆದಕಾರಣ ಇಲ್ಲಿ ವಿದ್ಯುತ್ ಯೋಜನೆ ಕೈಗೊಳ್ಳಲು ಮೈಸೂರು ಸರ್ಕಾರಕ್ಕೆ ಮದರಾಸಿನ ಒಪ್ಪಿಗೆಯೂ ಬೇಕಾಯಿತು.

ಯೋಜನೆಯ ರೂವಾರಿ ದಿವಾನ್ ಕೆ. ಶೇಷಾದ್ರಿ ಅಯ್ಯರ್. ಅದರ ತಾಂತ್ರಿಕ ಹೊಣೆ ಸಂಸ್ಥಾನದ ಎಂಜಿನಿಯರ್ ಕ್ಯಾಪ್ಟನ್ ಎ. ಜೆ. ಡಿ ಲಾಟ್ಬಿನಿಯರ್ ಅವರದು. ಅವರು ಯೂರೋಪು ಮತ್ತು ಅಮೆರಿಕಗಳಲ್ಲಿ ಸಂಚರಿಸಿ ಅಲ್ಲಿನ ಜಲವಿದ್ಯುತ್ ಸ್ಥಾವರಗಳನ್ನು ಅಭ್ಯಸಿಸಿದರು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯು ವಿದ್ಯುತ್ ಯಂತ್ರಗಳನ್ನೂ, ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಕಂಪನಿಯು ಟರ್ಬೈನುಗಳನ್ನೂ ಒದಗಿಸಿದವು. 1900ರಲ್ಲಿ ಆರಂಭವಾದ ಕೆಲಸ ಎರಡು ವರ್ಷದೊಳಗೆ ಮುಗಿಯಿತು. ಭಾರವಾದ ಯಂತ್ರಭಾಗಗಳು ಮದ್ದೂರಿನ ರೈಲು ನಿಲ್ದಾಣದಿಂದ ಎತ್ತಿನ ಗಾಡಿಗಳ ಮೇಲೆ, ಆನೆಗಳ ಬಲದಿಂದ, ಇಂದಿಗೂ ಜನ ‘ಬ್ಲಫ್’ ಎಂದು ಕರೆಯುವ ಆ ಕಡಿದಾದ ತಾಣಕ್ಕೆ ಬಂದು ಸೇರಿದವು. ಜಲಪಾತದ ಮೇಲ್ಭಾಗದಲ್ಲಿ ನಾಲೆ ತೆಗೆದು ತಿರುಗಿಸಿದ ನೀರು ಕೊಳವೆಗಳಲ್ಲಿ ಸುಮಾರು 400 ಅಡಿ ಇಳಿದು ಟರ್ಬೈನುಗಳನ್ನು ತಿರುಗಿಸಿ ಮತ್ತೆ ನದಿಯನ್ನೇ ಸೇರುತ್ತಿತ್ತು. ಶೇಷಾದ್ರಿ ಅಯ್ಯರ್ ಅವರು 1901ರ ಸೆಪ್ಟೆಂಬರಿನಲ್ಲಿ ನಿಧನರಾದುದರಿಂದ ತಮ್ಮ ಯೋಜನೆಯ ಫಲವನ್ನು ಕಾಣಲಿಲ್ಲ.

ಈ ಶಕ್ತಿಯನ್ನು ಬಯಸಿದ್ದ ಊರು ಯಾವುದು? 1870ರ ದಶಕದಲ್ಲಿ ಮೈಕೇಲ್ ಲ್ಯಾವೆಲ್ ಎಂಬ ನಿವೃತ್ತ ಸೈನಿಕನು ಕೋಲಾರದ ಪ್ರಾಚೀನ ಗಣಿಗುಂಡಿಗಳ ಸೀಮೆಯಲ್ಲಿ ಚಿನ್ನ ಹುಡುಕುವ ಪರವಾನಗಿ ಪಡೆದನು. 1880ರಿಂದ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯ ಆಡಳಿತ ಆರಂಭವಾಯಿತು. ಆ ದಶಕದಲ್ಲಿ ಚಾಂಪಿಯನ್ ರೀಫ್ ಎಂಬ ಸಮೃದ್ಧ ಅದಿರುಪದರ ಕೈಗೆ ಸಿಕ್ಕಿದ ಮೇಲೆ ಬೆಳವಣಿಗೆಗೆ ತಡೆಯಿರಲಿಲ್ಲ. 1894ರಲ್ಲಿ ಬೌರಿಂಗ್‌ಪೇಟೆಯಿಂದ, ಎಂದರೆ ಇಂದಿನ ಬಂಗಾರಪೇಟೆಯಿಂದ, ಗಣಿಗಳಿಗೆ ರೈಲುಮಾರ್ಗ ತೆರೆಯಿತು. 1891ರ ಜನಗಣತಿಯಲ್ಲಿ ಅಲ್ಲಿ 7,085 ಜನರಿದ್ದರು, 1901ರಲ್ಲಿ 38,204. ಹತ್ತು ವರ್ಷಗಳಲ್ಲಿ ಐದು ಪಟ್ಟು! ಅದೇ 1901ರಲ್ಲಿ ಚಾಮರಾಜನಗರ ಪಟ್ಟಣದ ಜನಸಂಖ್ಯೆ ಆರು ಸಾವಿರದ ಆಸುಪಾಸು. ಅರಿಕುಠಾರವೆಂಬ ಊರು ಚಾಮರಾಜನಗರವೆಂಬ ಹೆಸರು ಪಡೆದು ಆಗ ಎಂಬತ್ತು ವರ್ಷಗಳು ಕಳೆದಿದ್ದವು. ರೈಲು ಮಾತ್ರ ಅಲ್ಲಿಗೆ ಬರುವುದು 1926ರಲ್ಲಿ. ಒಂದೇ ಸಂಸ್ಥಾನದೊಳಗೆ ಎರಡು ಬಗೆಯ ಕಾಲಗಳು ಜೊತೆಜೊತೆಯಾಗಿ ನಡೆಯುತ್ತಿದ್ದವು ಎಂಬುದಕ್ಕೆ ಈ ಅಂಕಿಗಳೇ ಸಾಕ್ಷಿ.

ಗಣಿಯು ಆಳಕ್ಕೆ ಇಳಿದಂತೆ ಶಕ್ತಿಯ ಅಗತ್ಯವೂ ಏರುತ್ತದೆ. ಅದಿರನ್ನು ಮೇಲೆತ್ತಬೇಕು, ಒಸರುವ ನೀರನ್ನು ಹೊರಹಾಕಬೇಕು, ಬಂಡೆ ಕೊರೆಯಲು ಗಾಳಿಯನ್ನು ಒತ್ತಡಕ್ಕೆ ಒಳಪಡಿಸಬೇಕು, ಅದಿರನ್ನು ಹುಡಿಯಾಗಿ ಕುಟ್ಟಬೇಕು. ಇವೆಲ್ಲವೂ ಅಲ್ಲಿಯವರೆಗೆ ಉಗಿಯಂತ್ರಗಳಿಂದ ನಡೆಯುತ್ತಿದ್ದವು. ಅವುಗಳಿಗೆ ಬೇಕಾದ ಕಲ್ಲಿದ್ದಲು ಬಹುದೂರದಿಂದ ಬರಬೇಕಿತ್ತು. ಸುತ್ತಲಿನ ಸೌದೆಯೂ ಒಲೆಗೆ ಬೀಳುತ್ತಿತ್ತು. ಕಾವೇರಿಯಿಂದ ಬಂದ ಮೊದಲ ಕಂತಿನ 4,000 ಅಶ್ವಶಕ್ತಿಯು ಈ ಲೆಕ್ಕಾಚಾರವನ್ನೇ ಬದಲಿಸಿತು. ಬೇಡಿಕೆ ಹೆಚ್ಚಿದಂತೆ ಸ್ಥಾವರವನ್ನು ಮತ್ತೆ ಮತ್ತೆ ವಿಸ್ತರಿಸಲಾಯಿತು. ಗಣಿಗಳು ಕಾಲಕ್ರಮದಲ್ಲಿ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದು ಜಗತ್ತಿನ ಅತಿ ಆಳದ ಗಣಿಗಳ ಸಾಲಿಗೆ ಸೇರಿದವು.

ಇಲ್ಲಿ ಸಂಶೋಧಕರು ಎಚ್ಚರ ವಹಿಸಬೇಕಾದ ಮೂರು ರೂಢ ಹೇಳಿಕೆಗಳಿವೆ. ಶಿವನಸಮುದ್ರವು ಏಷ್ಯಾದ ಮೊದಲ ಜಲವಿದ್ಯುತ್ ಕೇಂದ್ರವೆಂಬುದು ಮೊದಲನೆಯದು. ಜಪಾನಿನ ಕ್ಯೋಟೋದ ಕೆಅಗೆ ಕೇಂದ್ರವು 1891ರಲ್ಲಿಯೂ, ಡಾರ್ಜಿಲಿಂಗಿನ ಸಿದ್ರಾಪೋಂಗ್ 1897ರಲ್ಲಿಯೂ ಆರಂಭವಾಗಿದ್ದವು. ಅದರ ತಂತಿಮಾರ್ಗವು ಅಂದು ಜಗತ್ತಿನಲ್ಲೇ ಅತಿ ಉದ್ದವಾಗಿತ್ತೆಂಬುದು ಎರಡನೆಯದು. ಕ್ಯಾಲಿಫೋರ್ನಿಯಾದ ಕೋಲ್ಗೇಟಿನಿಂದ ಓಕ್ಲೆಂಡಿಗೆ 1901ರಲ್ಲೇ ಸುಮಾರು 140 ಮೈಲಿ ಉದ್ದದ ಮಾರ್ಗ ಸಿದ್ಧವಾಗಿತ್ತು. ಇದು ಸರ್ ಎಂ. ವಿಶ್ವೇಶ್ವರಯ್ಯನವರ ಕೊಡುಗೆಯೆಂಬುದು ಮೂರನೆಯದು. ಅವರು ಮೈಸೂರಿನ ಮುಖ್ಯ ಎಂಜಿನಿಯರ್ ಆಗಿ ಬಂದದ್ದು 1909ರಲ್ಲಿ. ‘ಮೊದಲು’, ‘ಅತಿ’ ಎಂಬ ವಿಶೇಷಣಗಳನ್ನು ಕಳಚಿದರೂ ಈ ಯೋಜನೆಯ ಹಿರಿಮೆ ಕುಂದುವುದಿಲ್ಲ. ಸಿದ್ರಾಪೋಂಗ್ ಒಂದು ಗಿರಿಧಾಮದ ದೀಪಗಳಿಗಾಗಿ ನಿರ್ಮಿತವಾದ ಪುಟ್ಟ ಸ್ಥಾವರ. ಮೈಸೂರಿನಲ್ಲಿಯಾದರೋ ಒಂದು ದೇಶೀಯ ಸಂಸ್ಥಾನದ ಸರ್ಕಾರವೇ ಬಂಡವಾಳ ಹೂಡಿ, ಶಕ್ತಿಯನ್ನು ಉತ್ಪಾದಿಸಿ, ದೂರದ ಬೃಹತ್ ಉದ್ಯಮಕ್ಕೆ ಮಾರಿತು. ಪ್ರಭುತ್ವವು ಕಂದಾಯ ಎತ್ತುವ ಪಾತ್ರವನ್ನು ದಾಟಿ ಉದ್ಯಮಿಯ ಪಾತ್ರಕ್ಕೆ ಬಂದದ್ದೇ ಇದರ ನಿಜವಾದ ಹೊಸತನ.

ಆದರೆ ಈ ಉದ್ಯಮದ ಮೊದಲ ಗಿರಾಕಿ ಪ್ರಜೆಯಲ್ಲ, ಲಂಡನ್ನಿನ ಕಂಪನಿ. ಸಂಸ್ಥಾನಕ್ಕೆ ದೊರೆತದ್ದು ವಿದ್ಯುತ್ತಿನ ದರ ಮತ್ತು ಚಿನ್ನದ ಮೇಲಿನ ರಾಜಧನ; ಲಾಭಾಂಶ ಹೋದದ್ದು ಇಂಗ್ಲೆಂಡಿನ ಪಾಲುದಾರರಿಗೆ. ರಾಜಧಾನಿ ಮೈಸೂರೂ ಕಾಯಬೇಕಾಯಿತು. ಬೆಂಗಳೂರಿನ ಬೀದಿದೀಪಗಳು ಬೆಳಗಿದ್ದು 1905ರ ಆಗಸ್ಟಿನಲ್ಲಿ, ಮೈಸೂರಿನವು 1908ರಲ್ಲಿ. ಭರಚುಕ್ಕಿಯ ಮೊರೆತ ಕೇಳುವಷ್ಟು ಸಮೀಪದ ಹಳ್ಳಿಗಳಲ್ಲಿ ಹರಳೆಣ್ಣೆಯ ದೀಪ ಆರಲು ಇನ್ನೂ ದಶಕಗಳು ಬೇಕಾದವು.

ನಗರದೊಳಗಿನ ಚಿತ್ರವೂ ಇಂಥದೇ. ಯೂರೋಪಿಯನ್ ಅಧಿಕಾರಿಗಳಿಗೆ ಹೂದೋಟದ ಬಂಗಲೆಗಳೂ ಕ್ಲಬ್ಬುಗಳೂ ಇದ್ದವು. ಉತ್ತರ ಆರ್ಕಾಟ್, ಚಿತ್ತೂರು ಸೀಮೆಗಳ ಬರ ಮತ್ತು ಜಾತಿಯ ಕಟ್ಟಳೆಗಳಿಂದ ಹೊರಬಂದ ತಮಿಳು, ತೆಲುಗು ಕೂಲಿಕಾರರಿಗೆ, ಅವರಲ್ಲಿ ಹೆಚ್ಚಿನವರು ದಲಿತರು, ಸಾಲುಗುಡಿಸಲುಗಳ ‘ಲೈನು’ಗಳಿದ್ದವು. ದಟ್ಟಣೆಯನ್ನು ತಗ್ಗಿಸಲು ರೂಪುಗೊಂಡ ಹೊಸ ಬಡಾವಣೆಗೆ ರೆಸಿಡೆಂಟ್ ಡೊನಾಲ್ಡ್ ರಾಬರ್ಟ್‌ಸನ್ನನ ಹೆಸರಿನಿಂದ ರಾಬರ್ಟ್‌ಸನ್‌ಪೇಟೆ ಎಂದು ಹೆಸರಾಯಿತು. ಬೇತಮಂಗಲದ ಕೆರೆ ಊರಿಗೆ ನೀರುಣಿಸಿತು. ಹೀಗೆ ಒಂದು ಊರು ಶಕ್ತಿಯನ್ನು ಕಾವೇರಿಯಿಂದ, ನೀರನ್ನು ಪಾಲಾರಿನ ಕಣಿವೆಯಿಂದ, ದುಡಿಮೆಯನ್ನು ನೆರೆಯ ಪ್ರಾಂತ್ಯದಿಂದ ಪಡೆದು ನಿಂತಿತು.

ಈ ವಿದ್ಯುತ್ ಒಪ್ಪಂದದ ನೆರಳು ಮುಂದಕ್ಕೂ ಚಾಚಿದೆ. ಬೇಸಿಗೆಯಲ್ಲಿ ನದಿ ಬಡವಾದರೆ ಗಣಿಗಳಿಗೆ ಮಾತು ಕೊಟ್ಟಷ್ಟು ವಿದ್ಯುತ್ತನ್ನು ಪೂರೈಸುವುದು ಕಷ್ಟವಾಗುತ್ತಿತ್ತು. 1911ರಲ್ಲಿ ಆರಂಭವಾದ ಕನ್ನಂಬಾಡಿ ಅಣೆಕಟ್ಟಿನ ಉದ್ದೇಶಗಳಲ್ಲಿ ನೀರಾವರಿಯಂತೆಯೇ ಶಿವನಸಮುದ್ರಕ್ಕೆ ವರ್ಷವಿಡೀ ನೀರು ಒದಗಿಸುವುದೂ ಮುಖ್ಯವಾಗಿತ್ತು. ಆ ಅಣೆಕಟ್ಟಿನ ಬಗ್ಗೆ ಮದರಾಸು ಎತ್ತಿದ ಆಕ್ಷೇಪಗಳು 1924ರ ಒಪ್ಪಂದದವರೆಗೆ ಬೆಳೆದವು. ಕಾವೇರಿ ವಿವಾದದ ಚರಿತ್ರೆಯನ್ನು ಗದ್ದೆಗಳಿಂದ ಮಾತ್ರ ಆರಂಭಿಸುವವರು ಈ ಗಣಿಯ ಎಳೆಯನ್ನು ಮರೆಯಬಾರದು.

ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಉಳಿದದ್ದು ಸಯನೈಡ್ ಮಿಶ್ರಿತ ಮಣ್ಣಿನ ದಿಬ್ಬಗಳು ಮತ್ತು ದುಡಿಮೆಗಾಗಿ ದಿನವೂ ಬೆಂಗಳೂರಿನ ರೈಲು ಹತ್ತುವ ಮಕ್ಕಳು, ಮೊಮ್ಮಕ್ಕಳು. ಶಿವನಸಮುದ್ರದ ಸ್ಥಾವರವಾದರೋ ಇನ್ನೂ ಬದುಕಿದೆ; ಅದರ ಸಾಮರ್ಥ್ಯ ಇಂದು 42 ಮೆಗಾವಾಟ್. ಈ ಎರಡು ಊರುಗಳನ್ನು ಬೆಸೆದ ತಂತಿಯ ಕಥೆ ಕನ್ನಡದಲ್ಲಿ ಸಮಗ್ರವಾಗಿ ಬರಬೇಕಾಗಿದೆ. ಆ ನಗರದ ಆಡುನುಡಿ ಬಹುಮಟ್ಟಿಗೆ ತಮಿಳು, ತೆಲುಗುಗಳಾಗಿದ್ದುದರಿಂದಲೋ ಏನೋ, ಕನ್ನಡ ಕಥನಲೋಕದಲ್ಲಿ ಅದಕ್ಕೆ ದೊರೆತ ಸ್ಥಳ ಕಿರಿದು. ನಮ್ಮ ನದಿಯ ಕಸುವು ಹರಿದುಹೋದ ಊರು ಅದು. ಅಲ್ಲಿ ದುಡಿದವರು ಯಾವ ನುಡಿಯವರೇ ಆಗಿರಲಿ, ಅವರ ಬಾಳು ಕನ್ನಡನಾಡಿನ ಚರಿತ್ರೆಯ ಭಾಗವೇ. ಕೊಳ್ಳೇಗಾಲ, ಚಾಮರಾಜನಗರ, ಗುಂಡ್ಲುಪೇಟೆಗಳ ಸಂಶೋಧನ ವಿದ್ಯಾರ್ಥಿಗಳು ಬ್ಲಫಿನಿಂದ ಹೊರಟು ಕೋಲಾರದವರೆಗೆ ಈ ಜಾಡನ್ನು ಹಿಡಿದು ಹೋಗಲಿ.