ಕಸುಬಿನೊಡನೆ ಕರಾರು

ಸಂತ ಜಾನ್ ಬೋಸ್ಕೊ ಅವರು ಅನಾಥ ಬಾಲಕರಿಗೆ ಕಸುಬು ಕಲಿಸಿದರೆಂಬುದನ್ನು ತಾವೆಲ್ಲರೂ ಬಲ್ಲಿರಿ. ಆದರೆ ತಮ್ಮದೇ ಕಾರ್ಯಾಗಾರವನ್ನು ತೆರೆಯುವ ಮುನ್ನ ಅವರು ಕೈಗೊಂಡ ಇನ್ನೊಂದು ಕಾರ್ಯವನ್ನು ನಾವು ಅಷ್ಟಾಗಿ ಸ್ಮರಿಸುವುದಿಲ್ಲ. ಅದು ಕರಾರು ಪತ್ರ.

1841ರಲ್ಲಿ ಗುರುದೀಕ್ಷೆ ಪಡೆದು ಅವರು ಇಟಲಿಯ ಟ್ಯೂರಿನ್ ನಗರಕ್ಕೆ ಬಂದಾಗ, ಹಳ್ಳಿಗಳಿಂದ ಕೂಲಿ ಅರಸಿ ಬಂದ ಬಾಲಕರು ಗಾರೆ ಹೊರುತ್ತ, ಹೊಗೆಗೂಡು ಗುಡಿಸುತ್ತ ಬೀದಿಯಲ್ಲೇ ಬೆಳೆಯುತ್ತಿದ್ದರು. 1844ರಲ್ಲಿ ಆ ರಾಜ್ಯವು ಹಳೆಯ ವೃತ್ತಿಸಂಘಗಳನ್ನು ರದ್ದುಗೊಳಿಸಿತು. ಕಸುಬುಗಳ ಬಾಗಿಲು ಎಲ್ಲರಿಗೂ ತೆರೆಯಿತು, ನಿಜ. ಆದರೆ ಯಜಮಾನರ ಮೇಲೆ ಆ ಸಂಘಗಳಿಗಿದ್ದ ಹಿಡಿತವೂ ಸಡಿಲವಾಯಿತು. ಕಸುಬು ಕಲಿಯಲು ಬಂದ ಹುಡುಗನಿಗೆ ಮನೆಗೆಲಸವನ್ನಷ್ಟೇ ಹೇಳಿದರೂ ಕೇಳುವವರಿರಲಿಲ್ಲ.

1851ರ ನವೆಂಬರಿನಲ್ಲಿ ಓರ್ವ ಗಾಜಿನ ಕೆಲಸಗಾರನೊಡನೆ, 1852ರ ಫೆಬ್ರವರಿಯಲ್ಲಿ ಓರ್ವ ಬಡಗಿಯೊಡನೆ ಬೋಸ್ಕೊ ಅವರು ಬಾಲಕರ ಪರವಾಗಿ ಲಿಖಿತ ಕರಾರು ಮಾಡಿಕೊಂಡರು. ಯಜಮಾನನು ಕಸುಬನ್ನು ಪೂರ್ಣವಾಗಿ ಕಲಿಸಬೇಕು. ಅದಕ್ಕೆ ಸಂಬಂಧಿಸದ ಕೆಲಸ ಮಾಡಿಸಬಾರದು. ತಪ್ಪಿದಾಗ ಮಾತಿನಿಂದ ತಿದ್ದಬೇಕು, ಕೈ ಮಾಡಬಾರದು. ಹಬ್ಬದ ದಿನಗಳಲ್ಲಿ ಬಿಡುವು ಕೊಡಬೇಕು. ಕಲಿಕೆ ಮುಂದುವರಿದಂತೆ ದಿನಗೂಲಿಯೂ ಏರಬೇಕು. ಬಾಲಕನು ವಿಧೇಯನಾಗಿ, ಶ್ರದ್ಧೆಯಿಂದ ದುಡಿಯಬೇಕು. ಅವನ ನಡತೆಗೆ ಬೋಸ್ಕೊ ಅವರೇ ಹೊಣೆ.

ಇದರ ಆರ್ಥಿಕ ಮರ್ಮವನ್ನು ಗಮನಿಸಿರಿ. ಕೈ ಪಳಗಿದಷ್ಟೂ ಯಜಮಾನನ ಲಾಭ ಹೆಚ್ಚುತ್ತದೆ. ಕೂಲಿ ಮಾತ್ರ ಇದ್ದಲ್ಲೇ ಉಳಿದರೆ ಆ ನೈಪುಣ್ಯದ ಫಲವೆಲ್ಲ ಒಬ್ಬನ ಪಾಲಾಗುತ್ತದೆ. ಕರಾರು ಆ ಫಲವನ್ನು ಇಬ್ಬರಿಗೂ ಹಂಚಿತು. ಯಜಮಾನನಿಗೂ ನಂಬಿಕೆಯ ಕೆಲಸಗಾರ ದೊರೆತನು. 1853ರಲ್ಲಿ ಬೋಸ್ಕೊ ಅವರು ಚಮ್ಮಾರಿಕೆ ಮತ್ತು ಹೊಲಿಗೆಯ ಕಾರ್ಯಾಗಾರಗಳನ್ನು ತೆರೆದರು. ಮುಂದೆ ಪುಸ್ತಕ ಕಟ್ಟುವಿಕೆ, ಮರಗೆಲಸ, ಮುದ್ರಣಗಳೂ ಸೇರಿದವು. ನ್ಯಾಯವಾದ ಕೂಲಿಯನ್ನು ಕುರಿತು ಜಗದ್ಗುರು 13ನೇ ಲಿಯೋ ಅವರ ವಿಶ್ವಪತ್ರ ಬಂದದ್ದು 1891ರಲ್ಲಿ, ಅಂದರೆ ಆ ಮೊದಲ ಕರಾರಿನ 40 ವರ್ಷಗಳ ಅನಂತರ.

ನಮ್ಮ ದೇಶದಲ್ಲಿಯೂ 1961ರ ಅಪ್ರೆಂಟಿಸ್ ಕಾಯಿದೆಯು ಲಿಖಿತ ಕರಾರನ್ನು ವಿಧಿಸಿತು. ಆದರೂ ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಿಡಿದ ಹುಡುಗನಿಗೆ, ಗಾರೆ ಮೇಸ್ತ್ರಿಯ ಕೈಯಾಳಿಗೆ ಇಂದಿಗೂ ಬಹುಮಟ್ಟಿಗೆ ಬಾಯಿಮಾತೇ ಕರಾರು. ನಮ್ಮ ಧರ್ಮಕೇಂದ್ರಗಳು ಹೊಲಿಗೆ ತರಬೇತಿ ನಡೆಸಿ ಪ್ರಮಾಣಪತ್ರ ಹಂಚುವುದು ಒಳ್ಳೆಯ ಸೇವೆಯೇ. ಜನವರಿ 31ರಂದು ಈ ಸಂತರ ಹಬ್ಬವನ್ನು ಆಚರಿಸುವಾಗ ಇನ್ನೂ ಒಂದು ಲೆಕ್ಕ ಕೇಳೋಣ: ಕಲಿತು ಹೋದವರ ಕೂಲಿ ಎಷ್ಟು ಏರಿತು? ಏರದಿದ್ದಲ್ಲಿ, ಅವರ ಪರವಾಗಿ ಯಜಮಾನನ ಬಾಗಿಲಿಗೆ ಹೋದವರು ನಮ್ಮಲ್ಲಿ ಯಾರು?