ಗುಡ್ಡೆ ಮಾಲಿನ ಬೆಲೆ ನಿರ್ಣಯ (ತುಮಕೂರು, ಗುಬ್ಬಿ, ಕುಣಿಗಲ್)

ಗುಡ್ಡೆ ಮಾಲಿನ ಬೆಲೆ ನಿರ್ಣಯ: ಒಂದೇ ಜಾತಿಯ, ಆದರೆ ಒಂದೇ ಸಮ ಇಲ್ಲದ ಸಾಮಾನ್ಯ ವಸ್ತುಗಳನ್ನು ಬಿಡಿಯಾಗಿ ಬೆಲೆ ಮಾಡದೆ ರಾಶಿಯಾಗಿ ಕೊಳ್ಳುವಾಗ ಮತ್ತು ಮಾರುವಾಗ, ಇಡೀ ರಾಶಿಗೆ ಸಲ್ಲುವ ಬೆಲೆಯನ್ನು ಗೊತ್ತುಮಾಡುವ ಕ್ರಮ. ತುಮಕೂರು ಜಿಲ್ಲೆಯಲ್ಲಿ ತೆಂಗಿನಕಾಯಿ, ಉಂಡೆ ಕೊಬ್ಬರಿ, ಹುಣಸೆ, ಹಲಸು, ಅಡಿಕೆ, ರೇಷ್ಮೆ ಗೂಡು ಇವೆಲ್ಲ ಹೀಗೆ ಕೈ ಬದಲಾಯಿಸುತ್ತವೆ. ಹಳ್ಳಿಯಲ್ಲಿ ಗುಡ್ಡೆ ಅಥವಾ ರಾಶಿ ಎನ್ನುವುದನ್ನೇ ಮಂಡಿಯಲ್ಲಿ ಲಾಟು ಎನ್ನುತ್ತಾರೆ. ಆಟಗಾರರ ಚಿತ್ರವಿರುವ ಕ್ರೀಡಾ ಕಾರ್ಡುಗಳನ್ನು ಸಾವಿರದ ಲೆಕ್ಕದಲ್ಲಿ ಕೊಳ್ಳುವ ಸಂಗ್ರಾಹಕರೂ ಇದೇ ಲೆಕ್ಕವನ್ನು ಹಾಕುತ್ತಾರೆ.

ಹಿನ್ನೆಲೆ

ಕಲ್ಪತರು ನಾಡು ಎಂದು ಹೆಸರಾದ ತುಮಕೂರು, ಕರ್ನಾಟಕದಲ್ಲಿ ಅತಿ ಹೆಚ್ಚು ತೆಂಗು ಬೆಳೆಯುವ ಜಿಲ್ಲೆ. ಗುಬ್ಬಿ ಹಳೆಯ ವ್ಯಾಪಾರದ ಊರು. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿಯ ಸಂತೆಯನ್ನೂ ಸರಕನ್ನೂ ತನ್ನ ಪ್ರವಾಸ ಗ್ರಂಥದಲ್ಲಿ ವಿವರಿಸಿದ್ದಾನೆ. ಆ ಗ್ರಂಥ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಸುತ್ತಲಿನ ಅಡಿಕೆ, ಕೊಬ್ಬರಿ ಗುಬ್ಬಿಗೆ ಬಂದು ಸೇರಿ, ಅಲ್ಲಿಂದ ದೂರದ ಊರುಗಳಿಗೆ ಹೋಗುತ್ತಿತ್ತು. ಇಂದು ತುಮಕೂರು ನಗರದ ಬಟವಾಡಿಯ ಎಪಿಎಂಸಿ (ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿ) ಪ್ರಾಂಗಣ ಹುಣಸೆಯ ದೊಡ್ಡ ಮಾರುಕಟ್ಟೆ. ತರಕಾರಿಗೆ ಅಂತರಸನಹಳ್ಳಿ. ಕೊಬ್ಬರಿಯ ದರಕ್ಕೆ ಇಡೀ ಜಿಲ್ಲೆ ಕಣ್ಣಿಟ್ಟು ನೋಡುವುದು ತಿಪಟೂರಿನ ಕಡೆಗೆ. ಕುಣಿಗಲ್ ತಾಲ್ಲೂಕಿನಲ್ಲಿ ತೆಂಗು, ರಾಗಿಯ ಜೊತೆಗೆ ರೇಷ್ಮೆಯೂ ಉಂಟು.

ಬೆಲೆ ಕಟ್ಟುವ ಕ್ರಮ

ಮಾಲು ಯಾವುದೇ ಇರಲಿ, ಲೆಕ್ಕದ ಹೆಜ್ಜೆಗಳು ಇವು.

ಮೊದಲನೆಯದು ಮಾದರಿ. ರಾಶಿಯ ಮೇಲ್ಪದರ ರಾಶಿಯಲ್ಲ. ಗಾಡಿಯಿಂದ ಸುರಿದಾಗ ದಪ್ಪದ್ದು ಅಂಚಿಗೆ ಉರುಳುತ್ತದೆ, ಚೂರು ಮತ್ತು ಮಣ್ಣು ನಡುವಿಗೆ ಇಳಿಯುತ್ತದೆ. ಆದ್ದರಿಂದ ಮೇಲಿನಿಂದ, ನಡುವಿನಿಂದ, ತಳದಿಂದ, ಎರಡೂ ಮಗ್ಗುಲಿನಿಂದ ತೆಗೆದು ನೋಡಬೇಕು.

ಎರಡನೆಯದು ವಿಂಗಡಣೆ. ತೆಗೆದ ಮಾದರಿಯನ್ನು ಒಳ್ಳೆಯದು, ಸಾಧಾರಣ, ಕೆಟ್ಟದ್ದು ಎಂದು ಮೂರು ಪಾಲು ಮಾಡಿ ಎಣಿಸಬೇಕು. ಪ್ರತಿ ಪಾಲಿಗೂ ಅದರದೇ ದರ ಹಾಕಬೇಕು.

ಮೂರನೆಯದು ಇಳುವರಿ. ಕೊಂಡ ಮಾಲಿನಿಂದ ಕೊನೆಗೆ ಮಾರುವ ವಸ್ತು ಎಷ್ಟು ಬರುತ್ತದೆ ಎಂಬುದೇ ಬೆಲೆಯ ಬುಡ. ಕಾಯಿಯಿಂದ ಕೊಬ್ಬರಿ, ಹುಣಸೆಕಾಯಿಯಿಂದ ಹಣ್ಣು, ಗೂಡಿನಿಂದ ನೂಲು ಎಷ್ಟೆಂದು ಗೊತ್ತಿಲ್ಲದವರು ದರ ಹೇಳುವುದು ಕತ್ತಲಲ್ಲಿ ಕೈಯಾಡಿಸಿದಂತೆ.

ನಾಲ್ಕನೆಯದು ಖರ್ಚು. ಸುಲಿಯುವುದು, ಕುಟ್ಟುವುದು, ಒಣಗಿಸುವುದು, ಚೀಲ, ಹಮಾಲಿ, ಬಾಡಿಗೆ, ಮಾಲು ಕೂತಿರುವಷ್ಟು ಕಾಲದ ಬಡ್ಡಿ, ದರ ಬಿದ್ದರೆ ಆಗುವ ನಷ್ಟಕ್ಕೊಂದು ಪಾಲು, ಕೊಳ್ಳುವವರ ದುಡಿಮೆಗೊಂದು ಪಾಲು. ಇಷ್ಟನ್ನೂ ಕಳೆದ ಮೇಲೆ ಉಳಿಯುವುದು ಲಾಟಿನ ನ್ಯಾಯವಾದ ಬೆಲೆ.

ತೆಂಗಿನಕಾಯಿ

ಕಾಯಿಯನ್ನು ಎಣಿಕೆಯಲ್ಲಿಯೂ ತೂಕದಲ್ಲಿಯೂ ಮಾರುತ್ತಾರೆ. ಎಣಿಕೆಯಾದರೆ ನೂರಕ್ಕೆ ಕೆಲವು ಕಾಯಿ ಮೇಲೆ ಹಾಕಿಕೊಡುವ ಕೊಸರಿನ ರೂಢಿ ಹಲವು ಕಡೆ ಇದೆ. ದರ ಒಪ್ಪುವ ಮೊದಲೇ ಕೊಸರು ಎಷ್ಟೆಂದು ಮಾತಾಗಬೇಕು. ನೂರಕ್ಕೆ ಐದು ಕಾಯಿ ಎಂದರೆ ಸಾವಿರಕ್ಕೆ ಐವತ್ತು, ಸಣ್ಣ ಮೊತ್ತವೇನಲ್ಲ.

ಅನುಭವಸ್ಥರು ಕಾಯಿಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸುತ್ತಾರೆ. ತುಂಬಿದ ಹಸಿಕಾಯಿಯಲ್ಲಿ ನೀರಿನ ಸದ್ದು ಮಂದವಾಗಿ, ಭಾರವಾಗಿ ಕೇಳುತ್ತದೆ. ಬಲಿತ ಕಾಯಿಯಲ್ಲಿ ನೀರು ಚಿಳ್ಳನೆ ಅಲುಗುತ್ತದೆ. ಅಂಗೈಗೆ ಹಗುರವಾಗಿದ್ದು ಸದ್ದೇ ಇಲ್ಲದಿದ್ದರೆ ಚಿಪ್ಪು ಸೀಳಿ ನೀರು ಸೋರಿಹೋಗಿರಬಹುದು. ಅಂಥದ್ದನ್ನು ಬೇರೆ ಇಡುತ್ತಾರೆ.

ಲೆಕ್ಕ ತಿಳಿಯಲು ಒಂದು ಉದಾಹರಣೆ. ದರಗಳು ವಿವರಣೆಗಾಗಿ ಹಿಡಿದವು. ಸಿಪ್ಪೆ ಸಹಿತ 1,000 ಕಾಯಿಯ ಗುಡ್ಡೆ ಇದೆ. ಮಾದರಿಯಾಗಿ ತೆಗೆದ 100 ಕಾಯಲ್ಲಿ 70 ದಪ್ಪ, 22 ಸಣ್ಣ, 8 ಕೆಟ್ಟವು. ಸುಲಿದ ದಪ್ಪಕಾಯಿಗೆ ₹30, ಸಣ್ಣದಕ್ಕೆ ₹18, ಕೆಟ್ಟದ್ದು ಎಣ್ಣೆಗೆ ಹೋದರೆ ₹4 ಎಂದಿಟ್ಟುಕೊಳ್ಳೋಣ. 700 ಕಾಯಿಗೆ ₹21,000, 220ಕ್ಕೆ ₹3,960, 80ಕ್ಕೆ ₹320, ಒಟ್ಟು ₹25,280. ಸುಲಿಯುವ ಕೂಲಿ ₹1,500, ತುಂಬುವುದು ಮತ್ತು ಸಾಗಣೆ ₹1,500, ವ್ಯಾಪಾರಿಯ ಪಾಲು ಮತ್ತು ನಷ್ಟದ ಭಯಕ್ಕೆ ನೂರಕ್ಕೆ ಎಂಟರಂತೆ ಸುಮಾರು ₹2,020 ಕಳೆದರೆ ಉಳಿಯುವುದು ₹20,260. ಅಂದರೆ ತೋಟದಲ್ಲಿ ಕಾಯಿಗೆ ₹20ರ ಆಸುಪಾಸು.

ಇದೇ ಗುಡ್ಡೆಯನ್ನು ದಪ್ಪಕಾಯಿಯ ದರದಲ್ಲಿ ನೋಡುವ ಬೆಳೆಗಾರರಿಗೆ ₹30,000 ಕಾಣುತ್ತದೆ. ಎಲ್ಲವೂ ಸಣ್ಣಕಾಯಿ ಎಂದು ಹಿಡಿದು ಕೂಲಿ, ಸಾಗಣೆ ಕಳೆಯುವ ವ್ಯಾಪಾರಿಗೆ ₹15,000 ಕಾಣುತ್ತದೆ. ಎರಡೂ ಗುಡ್ಡೆಯ ನಿಜವಲ್ಲ. ಎಣಿಸಿದಾಗ ಮಾತ್ರ ಇಬ್ಬರೂ ಒಂದೇ ಗುಡ್ಡೆಯ ಮುಂದೆ ನಿಲ್ಲುತ್ತಾರೆ.

ಮಾದರಿಯ ಗಾತ್ರವೂ ಮುಖ್ಯ. ನೂರು ಕಾಯಲ್ಲಿ ಎಂಟು ಕೆಟ್ಟಿದ್ದರೆ ಇಡೀ ರಾಶಿಯಲ್ಲಿ ನೂರಕ್ಕೆ ನಾಲ್ಕೇ ಇರಬಹುದು, ಹದಿನೈದೂ ಇರಬಹುದು. ನಾಲ್ಕು ಕಡೆಯಿಂದ ನೂರು ನೂರು ತೆಗೆದು ನೋಡಿದರೆ ಆ ಅಂತರ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಮೇಲಿನ ಉದಾಹರಣೆಯಲ್ಲಿ ಎಂಟರ ಬದಲು ಹನ್ನೆರಡು ಕೆಟ್ಟು, ದಪ್ಪಕಾಯಿ ಅಷ್ಟೇ ಕಡಿಮೆಯಾದರೆ ₹1,040 ಹೋಗುತ್ತದೆ. ಅರ್ಧ ಗಂಟೆ ಹೆಚ್ಚು ಕೂತು ಎಣಿಸಿದರೆ ತಪ್ಪುವ ನಷ್ಟ ಇದು.

ಉಂಡೆ ಕೊಬ್ಬರಿ

ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಎಂಟರಿಂದ ಹನ್ನೆರಡು ತಿಂಗಳು ಬಿಟ್ಟರೆ ನೀರು ಇಂಗಿ, ತಿರುಳು ಒಣಗಿ ಚಿಪ್ಪಿನಿಂದ ಬಿಡುತ್ತದೆ. ಅಲ್ಲಾಡಿಸಿದರೆ ಒಳಗಿನ ಗಿಟುಕು ಗಡಗಡ ಎನ್ನುತ್ತದೆ. ಆಗ ಸುಲಿದು, ಚಿಪ್ಪು ಒಡೆದು ಇಡಿಯಾಗಿ ಹೊರತೆಗೆದದ್ದೇ ಉಂಡೆ ಕೊಬ್ಬರಿ. ಸಾಮಾನ್ಯವಾಗಿ ಆರೇಳು ಕಾಯಿಗೆ ಒಂದು ಕೆಜಿ ಬರುತ್ತದೆ. ಸಾವಿರ ಕಾಯಿಗೆ ಒಂದೂವರೆ ಕ್ವಿಂಟಲ್ ಎಂಬುದು ಕೈಲೆಕ್ಕಕ್ಕೆ ಅನುಕೂಲ.

ಇಡಿ ಉಂಡೆ, ಸುಕ್ಕುಗಟ್ಟಿದ್ದು, ಹೋಳು, ಚೂರು, ಕೌಟು ಎಂದು ಕೊಬ್ಬರಿಯನ್ನು ವಿಂಗಡಿಸುತ್ತಾರೆ. ಒಡೆದು ನೋಡಿದಾಗ ಒಳಮೈ ಬೆಳ್ಳಗಿದ್ದು ಮುರಿತ ಗರಿಯಾಗಿದ್ದರೆ ಒಳ್ಳೆಯ ಮಾಲು. ಹಳದಿ ತಿರುಗಿ ಕಮಟು ವಾಸನೆ ಬಂದರೆ ಕೌಟು. ಸರ್ಕಾರ ಬೆಂಬಲ ಬೆಲೆಗೆ ಕೊಳ್ಳುವಾಗ ಉಂಡೆ ಕೊಬ್ಬರಿಯ ತೇವಾಂಶ ಶೇ. 7 ಮೀರುವಂತಿಲ್ಲ. ತೇವಾಂಶಕ್ಕೆ ಇಷ್ಟು ಬಿಗಿ ಏಕೆಂದರೆ, ಒಣಗದ ಕೊಬ್ಬರಿ ತೂಕದಲ್ಲಿ ಹೆಚ್ಚು ತೋರಿದರೂ ಚೀಲದಲ್ಲೇ ಬೂಸ್ಟು ಹಿಡಿದು ಪಕ್ಕದ ಉಂಡೆಗಳನ್ನೂ ಕೆಡಿಸುತ್ತದೆ.

ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ನಿಗದಿ ಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ 2023ಕ್ಕೆ ₹11,750, 2024ಕ್ಕೆ ₹12,000, 2025ಕ್ಕೆ ₹12,100, 2026ಕ್ಕೆ ₹12,500. ಖರೀದಿ ಕೃಷಿ ಸಹಕಾರಿ ಮಾರಾಟ ಒಕ್ಕೂಟವಾದ ನಾಫೆಡ್ ಮೂಲಕ ನಡೆಯುತ್ತದೆ. 2023ರಲ್ಲಿ ಮಾರುಕಟ್ಟೆಯ ದರ ಬೆಂಬಲ ಬೆಲೆಗಿಂತ ಬಹಳ ಕೆಳಗಿತ್ತು. ರೈತರು ನಾಫೆಡ್ ಕೇಂದ್ರಗಳ ಮುಂದೆ ಸಾಲು ನಿಂತರು. 2025ರ ಮಧ್ಯಭಾಗದಲ್ಲಿ ಅದೇ ಕೊಬ್ಬರಿ ತಿಪಟೂರಿನಲ್ಲಿ ಬೆಂಬಲ ಬೆಲೆಯ ಎರಡು ಪಟ್ಟನ್ನೂ ದಾಟಿತು. ಕಾಯಿ ಅಟ್ಟದಲ್ಲಿ ಕೂತಿರುವಾಗಲೂ ದರ ಏರಿಳಿಯಬಲ್ಲದು. ಹಸಿಕಾಯಾಗಿ ಮಾರುವುದೋ ಅಟ್ಟಕ್ಕೆ ಹಾಕುವುದೋ ಎಂಬ ತೀರ್ಮಾನವೂ ಬೆಲೆ ಕಟ್ಟುವ ಕೆಲಸದ ಭಾಗವೇ.

ಹುಣಸೆ

ಸುಗ್ಗಿ ಫೆಬ್ರವರಿಯಿಂದ ಏಪ್ರಿಲ್‌ವರೆಗೆ. ಬಹಳಷ್ಟು ಬೆಳೆ ಮರದ ಮೇಲಿರುವಾಗಲೇ ಮಾರಾಟವಾಗುತ್ತದೆ. ತೋಟದ ಮರಗಳನ್ನು ಗುತ್ತಿಗೆಗೆ ಕೊಡುತ್ತಾರೆ, ರಸ್ತೆ ಬದಿಯ ಸರ್ಕಾರಿ ಮರಗಳ ಫಸಲು ಹರಾಜಾಗುತ್ತದೆ. ಗುತ್ತಿಗೆ ಹಿಡಿಯುವವರು ಮರದ ಸುತ್ತ ತಿರುಗಿ, ಕೊಂಬೆ ಕೊಂಬೆ ನೋಡಿ ಎಷ್ಟು ಚೀಲ ಬೀಳುತ್ತದೆ ಎಂದು ಅಂದಾಜು ಮಾಡುತ್ತಾರೆ.

ಹುಣಸೆಯ ಕಾಯಿಯಲ್ಲಿ ತೂಕದ ಲೆಕ್ಕದಲ್ಲಿ ಸುಮಾರು ಶೇ. 55 ತಿರುಳು, ಶೇ. 34 ಬೀಜ, ಉಳಿದ ಶೇ. 11 ಸಿಪ್ಪೆ ಮತ್ತು ನಾರು. ಒಂದು ಕ್ವಿಂಟಲ್ ಕಾಯಿ ಕುಟ್ಟಿದರೆ 55 ಕೆಜಿ ಹಣ್ಣು. ಬೀಜ ತೆಗೆದ ಹೂ ಹುಣಸೆಗೆ ಕೆಜಿಗೆ ₹120, ಬೀಜಕ್ಕೆ ₹20 ಎಂದು ಹಿಡಿದರೆ ಕೈಗೆ ಬರುವುದು ₹7,280. ಕುಟ್ಟಿ ಬಿಡಿಸುವ ಕೂಲಿ ಹಣ್ಣಿನ ಕೆಜಿಗೆ ₹20ರಂತೆ ₹1,100 ಹೋಗಿ ₹6,180 ಉಳಿಯುತ್ತದೆ. ಸಾಗಣೆ, ವ್ಯಾಪಾರಿಯ ಪಾಲು ಕಳೆದ ಮೇಲೆ ಕಾಯಿಯ ದರ ಹೂ ಹುಣಸೆಯ ದರದ ಅರ್ಧಕ್ಕೂ ತುಸು ಕೆಳಗೆ ನಿಲ್ಲುತ್ತದೆ. ಕುಟ್ಟುವ ಕೆಲಸ ಬಹುಪಾಲು ಹೆಂಗಸರದು. ದಿನವಿಡೀ ಕಲ್ಲಿನ ಮುಂದೆ ಕೂತು, ಬೆರಳಿಗೆ ಹುಳಿ ಹತ್ತಿ ಚರ್ಮ ಸುಲಿಯುವಂಥ ದುಡಿಮೆ. ಅವರ ಕೂಲಿಯನ್ನು ಕಡಿದು ತೋರಿಸಿದ ಅಗ್ಗದ ಬೆಲೆಯನ್ನು ನ್ಯಾಯದ ಬೆಲೆ ಎನ್ನಲಾಗದು.

ಮುಷ್ಟಿಯಲ್ಲಿ ಹಿಡಿದು ಅದುಮಿದಾಗ ಅಂಟಾಗಿ, ಕೆಂಪು ಹೊಂಬಣ್ಣದಲ್ಲಿದ್ದರೆ ಹೊಸ ಹಣ್ಣು. ಹಳೆಯದು ಕಪ್ಪಾಗುತ್ತದೆ. ಹಳೆಯದನ್ನು ನಡುವಿಗೆ ಹಾಕಿ ಹೊಸದನ್ನು ಮೇಲೆ ಹೊದಿಸಿದ್ದರೆ, ಚೀಲವನ್ನು ಸೀಳಿ ನೋಡಿದಾಗ ಮಾತ್ರ ಅದು ಗೊತ್ತಾಗುತ್ತದೆ.

ಹಲಸು: ಗುಡ್ಡೆಯೊಳಗಿನ ಅಪೂರ್ವ

ಗುಬ್ಬಿ ತಾಲ್ಲೂಕಿನ ಚೇಳೂರು ಹಲಸಿಗೆ ಹೆಸರುವಾಸಿ. ರಾಶಿಯಲ್ಲಿ ಮಾರುವ ಸಾಮಾನ್ಯ ಹಣ್ಣುಗಳ ನಡುವೆ ಒಂದು ಅಪೂರ್ವ ತಳಿ ಇರಬಹುದು ಎಂಬುದಕ್ಕೆ ಇಲ್ಲಿಯದೇ ಸಾಕ್ಷಿ ‘ಸಿದ್ದು’ ಹಲಸು. ಚೇಳೂರಿನ ರೈತ ಎಸ್.ಎಸ್. ಪರಮೇಶ ಅವರ ತೋಟದ ಈ ಮರದ ಹಣ್ಣು ಎರಡೂವರೆ ಕೆಜಿ ಆಸುಪಾಸಿನದು, ತೊಳೆ ತಾಮ್ರಗೆಂಪು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅದನ್ನು ಗುರುತಿಸಿ, 2017ರಲ್ಲಿ ಸಸಿ ಬೆಳೆಸಿ ಮಾರುವ ಒಪ್ಪಂದ ಮಾಡಿಕೊಂಡಿತು. ತಳಿಗೆ ರೈತರ ತಂದೆಯ ಹೆಸರನ್ನೇ ಇಡಲಾಗಿದೆ.

ತೂಕದಲ್ಲಿ ಮಾರಿದ್ದರೆ ಇಷ್ಟು ಚಿಕ್ಕ ಹಣ್ಣಿಗೆ ದೊಡ್ಡ ಹಣ್ಣಿಗಿಂತ ಕಡಿಮೆ ದುಡ್ಡೇ ಬರುತ್ತಿತ್ತು. ಅಪೂರ್ವವಾದದ್ದನ್ನು ಮೊದಲೇ ಗುಡ್ಡೆಯಿಂದ ಹೊರಗಿಟ್ಟು ಬೇರೆಯಾಗಿ ಬೆಲೆ ಕಟ್ಟಬೇಕು. ಇದರ ಇನ್ನೊಂದು ಮಗ್ಗುಲೂ ಅಷ್ಟೇ ನಿಜ: ಇಂಥದ್ದೊಂದು ಒಳಗಿದ್ದೀತು ಎಂಬ ಆಸೆಯಿಂದ ಸಾಮಾನ್ಯ ಗುಡ್ಡೆಗೆ ಹೆಚ್ಚು ಕೊಡಬಾರದು.

ಅಡಿಕೆ ಮತ್ತು ರೇಷ್ಮೆ ಗೂಡು

ಅಡಿಕೆ ತೋಟದ ಫಸಲನ್ನು ಚೇಣಿಗೆ ಕೊಡುವ ಪದ್ಧತಿಯಲ್ಲಿ ಚೇಣಿದಾರ ಕೊಯ್ದು, ಸುಲಿದು, ಬೇಯಿಸಿ, ಒಣಗಿಸಿ, ಹಸಿ ಅಡಿಕೆಯ ಕ್ವಿಂಟಲಿಗೆ ಇಷ್ಟು ಕೆಜಿ ಒಣ ಅಡಿಕೆ ಎಂಬ ಕರಾರಿನಂತೆ ಒಪ್ಪಿಸುತ್ತಾನೆ. ಹನ್ನೆರಡರಿಂದ ಹದಿನಾಲ್ಕು ಕೆಜಿ ಸಾಮಾನ್ಯ ಲೆಕ್ಕ. ಇಲ್ಲಿ ಚೌಕಾಸಿ ನಡೆಯುವುದು ರೂಪಾಯಿಯ ಮೇಲಲ್ಲ, ಇಳುವರಿಯ ಮೇಲೆ.

ಕುಣಿಗಲ್ ಕಡೆಯ ರೇಷ್ಮೆ ಬೆಳೆಗಾರರಿಗೆ ರಾಮನಗರದ ದೊಡ್ಡ ಗೂಡಿನ ಮಾರುಕಟ್ಟೆ ದೂರವಲ್ಲ. ಗೂಡನ್ನು ಲಾಟಾಗಿ ಹರಾಜು ಮಾಡುತ್ತಾರೆ. ನೂಲು ಬಿಚ್ಚುವವರು ಕೈತುಂಬ ಗೂಡು ಎತ್ತಿ ಅದುಮಿ ಗಟ್ಟಿತನ ನೋಡುತ್ತಾರೆ, ಅಲ್ಲಾಡಿಸಿ ಒಳಗಿನ ಹುಳುವಿನ ಸದ್ದು ಕೇಳುತ್ತಾರೆ, ಜೋಡಿಗೂಡು ಮತ್ತು ಕಲೆಗೂಡುಗಳನ್ನು ಎಣಿಸುತ್ತಾರೆ. ಒಂದು ಕೆಜಿ ರೇಷ್ಮೆಗೆ ಎಷ್ಟು ಕೆಜಿ ಗೂಡು ಬೇಕು ಎಂಬ ಅಂದಾಜೇ ದರವನ್ನು ನಿಲ್ಲಿಸುತ್ತದೆ.

ಮಾರುಕಟ್ಟೆಯ ವ್ಯವಸ್ಥೆ

ಕರ್ನಾಟಕದ ಎಪಿಎಂಸಿಗಳು 1966ರ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯ್ದೆಯಡಿ ನಡೆಯುತ್ತವೆ. 2014ರಲ್ಲಿ ಆರಂಭವಾದ ಏಕೀಕೃತ ಮಾರುಕಟ್ಟೆ ವೇದಿಕೆಯ ಇ-ಟೆಂಡರ್ ಕ್ರಮದಲ್ಲಿ ಪ್ರತಿ ಲಾಟಿಗೂ ಒಂದು ಸಂಖ್ಯೆ ಬೀಳುತ್ತದೆ. ವ್ಯಾಪಾರಿಗಳು ಮಾಲು ನೋಡಿ, ಒಬ್ಬರ ದರ ಇನ್ನೊಬ್ಬರಿಗೆ ಕಾಣದಂತೆ ಗೊತ್ತಾದ ಹೊತ್ತಿನೊಳಗೆ ದರ ನಮೂದಿಸುತ್ತಾರೆ. ಹೆಚ್ಚಿನ ದರಕ್ಕೆ ಲಾಟು ನಿಲ್ಲುತ್ತದೆ. ಒಪ್ಪಿಗೆಯಾಗದಿದ್ದರೆ ರೈತರು ಕೊಡದೆ ಇರಬಹುದು. ದಲ್ಲಾಳಿ ಕಮಿಷನ್ ಖರೀದಿದಾರರು ಕೊಡಬೇಕಾದದ್ದು, ರೈತರ ಪಟ್ಟಿಯಲ್ಲಿ ಕಳೆಯುವಂಥದ್ದಲ್ಲ.

ಕ್ರೀಡಾ ಕಾರ್ಡುಗಳು

ಅಮೆರಿಕದಲ್ಲಿ 1980ರ ದಶಕದ ಕೊನೆಯಿಂದ 1990ರ ದಶಕದ ಮೊದಲ ವರ್ಷಗಳವರೆಗೆ ಬೇಸ್‌ಬಾಲ್ ಕಾರ್ಡುಗಳನ್ನು ಮಿತಿಮೀರಿ ಅಚ್ಚು ಹಾಕಲಾಯಿತು. ಆ ಕಾಲದ ಸಾಮಾನ್ಯ ಆಟಗಾರರ ಕಾರ್ಡುಗಳು ಇಂದು ಪೆಟ್ಟಿಗೆಯ ಲೆಕ್ಕದಲ್ಲಿ ಸಿಗುತ್ತವೆ. ಭಾರತದಲ್ಲಿ ಟಾಪ್ಸ್ ಕಂಪನಿಯ ಐಪಿಎಲ್ ‘ಕ್ರಿಕೆಟ್ ಅಟ್ಯಾಕ್ಸ್’ ಕಾರ್ಡುಗಳು ಮಕ್ಕಳ ಕೈಗೆ ಬಂದವು. ಇಂಥ ಗಂಟನ್ನು ಕೊಳ್ಳುವಾಗಲೂ ಕ್ರಮ ಅದೇ: ಅಲ್ಲಲ್ಲಿಂದ ನೂರು ಕಾರ್ಡು ತೆಗೆದು ಒಂದೇ ಕಾರ್ಡು ಎಷ್ಟು ಸಲ ಬಂದಿದೆ ಎಂದು ಎಣಿಸುವುದು, ಮೂಲೆ ಮಡಚಿದ್ದನ್ನು ಬೇರೆ ಇಡುವುದು, ವಿಂಗಡಿಸುವ ಗಂಟೆಗಳಿಗೂ ಅಂಚೆ ವೆಚ್ಚಕ್ಕೂ ಬೆಲೆ ಹಾಕುವುದು. ಹೆಸರಾಂತ ಆಟಗಾರರ ಕಾರ್ಡುಗಳನ್ನು ಆಗಲೇ ಆರಿಸಿ ತೆಗೆದ ಗಂಟಾದರೆ, ಉಳಿದದ್ದಕ್ಕೆ ಸಾಮಾನ್ಯ ಕಾರ್ಡಿನ ದರವಷ್ಟೇ ಸಲ್ಲುತ್ತದೆ.

ನ್ಯಾಯದ ಬೆಲೆ

ಗುಡ್ಡೆಯ ವ್ಯಾಪಾರದಲ್ಲಿ ಅನ್ಯಾಯವಾಗುವುದು ಹೆಚ್ಚಾಗಿ ದರದಲ್ಲಲ್ಲ, ತಿಳಿವಳಿಕೆಯ ಅಂತರದಲ್ಲಿ. ವರ್ಷಕ್ಕೊಮ್ಮೆ ಮಾರುವ ರೈತರ ಎದುರು ದಿನವೂ ಕೊಳ್ಳುವವರು ಕೂತಿರುತ್ತಾರೆ. ಆ ಅಂತರವನ್ನು ಮುಚ್ಚುವ ದಾರಿ ಮನೆಯಂಗಳದಲ್ಲೇ ಇದೆ. ಮಂಡಿಗೆ ಹೊರಡುವ ಹಿಂದಿನ ದಿನ ನೂರು ಕಾಯಿ ಎಣಿಸಿ ಮೂರು ಪಾಲು ಮಾಡಿ, ಒಂದು ಕೆಜಿ ಹುಣಸೆ ತಾವೇ ಕುಟ್ಟಿ ತೂಗಿ, ಬಂದ ಅಂಕಿಯನ್ನು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಂಡರೆ, ಮೊದಲ ದರ ಕೇಳಿದ ಕೂಡಲೇ ಅದು ತಮ್ಮ ಮಾಲಿನ ದರವೋ ಅಲ್ಲವೋ ಎಂದು ರೈತರಿಗೆ ತಿಳಿಯುತ್ತದೆ.