ಪಂಚಾಯ್ತಿ ತನಕ ಬಂದ ತಂತಿ: ನಮ್ಮ ಸೀಮೆಯ ಇಂಟರ್ನೆಟ್ ಕಥೆ

(ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರರೂಪ)

ಇವತ್ತು ನಿಮ್ಮನ್ನ ನಮ್ಮ ಪಾಂಡವಪುರದ ಕಡೆಗೆ ಕರ್ಕೊಂಡು ಹೋಗ್ತೀನಿ. ಹಿಂದೆ ಹಿರೋಡೆ, ಬ್ರಿಟಿಷರ ಕಾಲದಲ್ಲಿ ಫ್ರೆಂಚ್ ರಾಕ್ಸ್ ಅನ್ನಿಸಿಕೊಂಡ ಊರು.

ಶುರು ಮಾಡೋದು ನಮ್ಮ ಚಿಕ್ಕಪ್ಪನಿಂದ. ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿ ರಾಗಿ ಹೊಲದ ಫೋಟೊ ತೆಗೆದಿದ್ರು. ಫೋಟೊ ಅಪ್‌ಲೋಡ್ ಆಗಲಿಲ್ಲ. ಹೊಲದ ಬದುವಿನಲ್ಲಿ ಸಿಗ್ನಲ್ ಇಲ್ಲ, ಮನೆ ಜಗಲಿ ಮೇಲೂ ಇಲ್ಲ. ಇಬ್ಬರೂ ಪಂಚಾಯ್ತಿ ಆಫೀಸಿಗೆ ಹೋದ್ವಿ. ಯಾವ ಪಂಚಾಯ್ತಿ ಅನ್ನೋದು ಬೇಡ ಬಿಡಿ. ಗೋಡೆಯಲ್ಲಿ ಫೈಬರ್ ಪೆಟ್ಟಿಗೆ ಇತ್ತು, ದೀಪ ಉರೀತಿರಲಿಲ್ಲ. "ನೆಟ್ ಇಲ್ಲ ಕಣಣ್ಣ, ನಾಳೆ ಬನ್ನಿ" ಅಂದ್ರು. ಹೊರಗೆ ಬಂದ ಮೇಲೆ ಚಿಕ್ಕಪ್ಪ ಒಂದು ಮಾತು ಹೇಳಿದ್ರು: "ನಾಲೆ ಏನೋ ಬಂದದೆ, ತೂಬು ಮಡಗಿಲ್ಲ ಕಣ್ಲಾ."

ಈ ಮಾತು ಹಿಡ್ಕೊಂಡು ನಾನು ಹಳೇ ಚರಿತ್ರೆ ಹುಡುಕೋಕೆ ಹೋದೆ. ನಮ್ಮ ಜಿಲ್ಲೆಗೆ ಇದು ಹೊಸದೇನಲ್ಲ.

1902ಕ್ಕೆ ಹೋಗೋಣ. ಇದೇ ಮಂಡ್ಯ ಜಿಲ್ಲೆಯ ಶಿವನಸಮುದ್ರದಲ್ಲಿ ಕಾವೇರಿ ನೀರಿನಿಂದ ವಿದ್ಯುತ್ ತಯಾರಾಯ್ತು. ಹೋಗಿದ್ದು ಎಲ್ಲಿಗೆ? ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಿತು. ಕರೆಂಟು ಹುಟ್ಟಿದ ಸೀಮೆಯ ಹಳ್ಳಿಗಳು ಮಾತ್ರ ಬುಡ್ಡಿದೀಪದಲ್ಲೇ ಇನ್ನೂ ಎಷ್ಟೋ ವರ್ಷ ಕಳೆದವು. ತಂತಿ ಯಾರ ತಲೆ ಮೇಲೆ ಹಾದು ಹೋಗುತ್ತೆ, ಯಾರ ಮನೆಗೆ ಇಳಿಯುತ್ತೆ ಅನ್ನೋದು ಬೇರೆ ಬೇರೆ ಪ್ರಶ್ನೆ.

ಇದಕ್ಕೆ ಉಲ್ಟಾ ಇರೋ ಉದಾಹರಣೆಯೂ ಕರ್ನಾಟಕದಲ್ಲೇ ಇದೆ. ಆಗ ವಿದೇಶಿ ಟೆಲಿಫೋನ್ ಎಕ್ಸ್‌ಚೇಂಜ್‌ಗಳಿಗೆ ಎಸಿ ಕೋಣೆ ಬೇಕಿತ್ತು, ಹಳ್ಳಿಯ ಧೂಳು, ಸೆಕೆ ತಡೀತಿರಲಿಲ್ಲ. 1984ರಲ್ಲಿ ಶುರುವಾದ ಸಿ-ಡಾಟ್ ಸಂಸ್ಥೆಯ ಎಂಜಿನಿಯರುಗಳು ಹಳ್ಳಿಯನ್ನ ಬದಲಾಯಿಸೋಕೆ ಹೋಗಲಿಲ್ಲ, ಯಂತ್ರವನ್ನ ಬದಲಾಯಿಸಿದ್ರು. 128 ಲೈನ್‌ಗಳ, ಎಸಿ ಇಲ್ಲದೇ ನಡೆಯೋ ಅವರ ಮೊದಲ ಗ್ರಾಮೀಣ ಎಕ್ಸ್‌ಚೇಂಜ್ 1986ರಲ್ಲಿ ಕೆಲಸ ಶುರು ಮಾಡಿದ್ದು ನಮ್ಮ ಕಿತ್ತೂರಿನಲ್ಲಿ. ಆಮೇಲೆ ಹಳದಿ ಬೋರ್ಡಿನ ಎಸ್‌ಟಿಡಿ ಬೂತ್‌ಗಳು ಬಂದವು. ಫೋನ್ ಕೆಟ್ರೆ ಬೂತ್ ಇಟ್ಟವನ ಅವತ್ತಿನ ಸಂಪಾದನೆಯೇ ಹೋಗೋದು. ಹಾಗಾಗಿ ರಿಪೇರಿಗೆ ಅವನೇ ಓಡೋನು. ಇದನ್ನ ನೆನಪಿಟ್ಕೊಳ್ಳಿ.

ಈಗ ಇಂಟರ್ನೆಟ್‌ಗೆ ಬರೋಣ. ನಮ್ಮಲ್ಲಿ ರೈತನ ಮನೆಗೆ ನೆಟ್ ಬರೋಕೆ ಮೊದಲೇ ರೈತನ ಕಾಗದ ಕಂಪ್ಯೂಟರಿಗೆ ಹೋಯ್ತು. 2000ದ ಆಸುಪಾಸಿನಲ್ಲಿ ಭೂಮಿ ಯೋಜನೆ ಬಂತು. ಸುಮಾರು 2 ಕೋಟಿ ಪಹಣಿಗಳು ಗಣಕೀಕರಣವಾದವು. ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರೋದು. ಒಂದು ಪಹಣಿಗಾಗಿ ಶಾನುಭೋಗರ, ಆಮೇಲೆ ಗ್ರಾಮಲೆಕ್ಕಿಗರ ಹಿಂದೆ ಅಲೆದಿದ್ದ ನಮ್ಮ ತಾತನಂಥವರಿಗೆ ಅದು ಸಣ್ಣ ವಿಷಯವಲ್ಲ. 2006ರಲ್ಲಿ ಹೋಬಳಿ ಮಟ್ಟಕ್ಕೆ ನೆಮ್ಮದಿ ಕೇಂದ್ರಗಳು ಬಂದವು. ತಾಲ್ಲೂಕಿನಿಂದ ಹೋಬಳಿಗೆ ತಂತಿ ಒಂದು ಹೆಜ್ಜೆ ಹತ್ತಿರ ಬಂತು. ಆದ್ರೂ ನಡ್ಕೊಂಡು ಹೋಗ್ಬೇಕಾದವನು ರೈತನೇ.

2011ರ ಅಕ್ಟೋಬರ್‌ನಲ್ಲಿ ಕೇಂದ್ರ ಸಂಪುಟ ದೊಡ್ಡ ಯೋಜನೆಯೊಂದನ್ನ ಒಪ್ಪಿತು. ದೇಶದ ಸುಮಾರು 2.5 ಲಕ್ಷ ಗ್ರಾಮ ಪಂಚಾಯ್ತಿಗಳಿಗೆ ಆಪ್ಟಿಕಲ್ ಫೈಬರ್, ಪ್ರತಿ ಪಂಚಾಯ್ತಿಗೆ 100 ಎಂಬಿಪಿಎಸ್ ವೇಗ. ಎರಡು ವರ್ಷದಲ್ಲಿ ಮುಗಿಸೋ ಲೆಕ್ಕಾಚಾರ ಇತ್ತು. ಮೊದಲ 1 ಲಕ್ಷ ಪಂಚಾಯ್ತಿ ಮುಗಿಯೋ ಹೊತ್ತಿಗೆ 2017ರ ಕೊನೆ. ಅಷ್ಟರಲ್ಲಿ ಯೋಜನೆಗೆ ಭಾರತ್‌ನೆಟ್ ಅಂತ ಹೊಸ ಹೆಸರು ಬಂದಿತ್ತು.

ತಡ ಆಗಿದ್ದು ಒಂದು ಸಮಸ್ಯೆ. ನನಗೆ ಅದಕ್ಕಿಂತ ದೊಡ್ಡದು ಅನ್ನಿಸೋದು, ಯೋಜನೆ ನಿಂತ ಜಾಗ. ಅದು ಪಂಚಾಯ್ತಿ ಕಟ್ಟಡಕ್ಕೆ ಬಂದು ನಿಂತಿತು. ಅಲ್ಲಿಂದ ಮನೆಗೆ, ಶಾಲೆಗೆ, ಡೇರಿಗೆ ಒಯ್ಯೋದು ಬೇರೆ ಯಾರದೋ ಕೆಲಸ ಅಂತಾಯ್ತು. ರಸ್ತೆ ಅಗಲ ಮಾಡೋ ಜೆಸಿಬಿ ಕೇಬಲ್ ಕಿತ್ತರೆ, ಕರೆಂಟ್ ಹೋಗಿ ಬ್ಯಾಟರಿ ಇಳಿದ್ರೆ, ಓಡಿ ಬರೋ ಬೂತ್‌ನವನು ಇಲ್ಲಿ ಇರಲಿಲ್ಲ.

"ಮೊಬೈಲ್ ಇದೆಯಲ್ಲ ಸ್ವಾಮಿ" ಅಂತ ನೀವು ಕೇಳಬಹುದು. ನಿಜ. 2016ರ ನಂತರ ಡೇಟಾ ಅಗ್ಗ ಆಯ್ತು. ಆದ್ರೆ ಟವರ್ ಸಿಗ್ನಲ್‌ಗೆ ಗುಡ್ಡ ಅಡ್ಡ ಬರುತ್ತೆ. ಮೇಲುಕೋಟೆ ಬೆಟ್ಟದ ಮರೆಯಲ್ಲಿರೋ ಊರಿಗೂ ಶ್ರೀರಂಗಪಟ್ಟಣದ ಹೆದ್ದಾರಿ ಪಕ್ಕದ ಊರಿಗೂ ಒಂದೇ ಸಿಗ್ನಲ್ ಸಿಗಲ್ಲ. 2020ರಲ್ಲಿ ಕೊರೊನಾದಿಂದ ಶಾಲೆ ಮುಚ್ಚಿದಾಗ ಮೇಷ್ಟ್ರುಗಳೇ ಮಕ್ಕಳಿದ್ದ ಕಡೆ ಹೋಗಿ ಪಾಠ ಮಾಡೋ ವಿದ್ಯಾಗಮ ಬಂದಿದ್ದು ಸುಮ್ಮನೆ ಅಲ್ಲ. ಅದೇ ವರ್ಷ ಬೆಳೆ ಸಮೀಕ್ಷೆಯೂ ರೈತನ ಮೊಬೈಲಿಗೆ ಬಂತು. ಬೆಳೆ ಪರಿಹಾರ, ವಿಮೆ, ಬೆಂಬಲ ಬೆಲೆ, ಎಲ್ಲದಕ್ಕೂ ಆ ಮಾಹಿತಿಯೇ ಆಧಾರ. ಅಂದ್ರೆ ನೆಟ್ ಇಲ್ಲದಿರೋದು ಈಗ ಬರೀ ವಿಡಿಯೊ ನೋಡೋಕಾಗದ ಬೇಜಾರಲ್ಲ. ಹೊಲದಲ್ಲಿ ರಾಗಿ ಇರುತ್ತೆ, ದಾಖಲೆಯಲ್ಲಿ ಇರಲ್ಲ.

2023ರ ಆಗಸ್ಟ್‌ನಲ್ಲಿ ಸುಮಾರು 1.39 ಲಕ್ಷ ಕೋಟಿ ರೂಪಾಯಿಯ ಪರಿಷ್ಕೃತ ಭಾರತ್‌ನೆಟ್‌ಗೆ ಒಪ್ಪಿಗೆ ಸಿಕ್ಕಿದೆ. ಈ ಸಲ ಕೇಬಲ್ ಉಂಗುರದ ಹಾಗೆ ಸುತ್ತು ಬರುತ್ತೆ. ಒಂದು ಕಡೆ ತುಂಡಾದ್ರೆ ಇನ್ನೊಂದು ಕಡೆಯಿಂದ ಸಂಪರ್ಕ ಉಳಿಯುತ್ತೆ. ಮನೆಗಳಿಗೆ ಸಂಪರ್ಕ ಕೊಡೋ ಗುರಿ ಇದೆ, 10 ವರ್ಷದ ನಿರ್ವಹಣೆಯನ್ನೂ ಲೆಕ್ಕಕ್ಕೆ ಹಿಡಿದಿದ್ದಾರೆ. ಹಳೇ ತಪ್ಪು ಯಾರಿಗೋ ಅರ್ಥ ಆಗಿದೆ ಅನ್ನಿಸುತ್ತೆ.

ಆದ್ರೆ ಕೆಆರ್‌ಎಸ್ ನೀರು ಕುಡಿದ ಸೀಮೆಯವನಾಗಿ ನನ್ನದೊಂದು ಮಾತು. ಅಣೆಕಟ್ಟು ಕಟ್ಟಿದ್ದು, ವಿಶ್ವೇಶ್ವರಯ್ಯ ನಾಲೆ ತೋಡಿದ್ದು ದೊಡ್ಡ ಕೆಲಸವೇ. ಗದ್ದೆ ಹಸಿರಾಗಿದ್ದು ಮಾತ್ರ ತೂಬಿನಿಂದ, ಹೊಲಗಾಲುವೆಯಿಂದ, ರಾತ್ರಿ ಗುದ್ದಲಿ ಹಿಡ್ಕೊಂಡು ನೀರು ತಿರುಗಿಸೋ ನೀರಗಂಟಿಯಿಂದ. ಈ ಫೈಬರಿಗೂ ಊರಿಗೊಬ್ಬ ನೀರಗಂಟಿ ಬೇಕು. ಸಂಬಳ ಇರೋ, ಊರಿನವರಿಗೆ ಉತ್ತರ ಹೇಳಬೇಕಾದ ಒಬ್ಬ ಮನುಷ್ಯ.

ಚಿಕ್ಕಪ್ಪನ ಫೋಟೊ ಕೊನೆಗೆ ಅಪ್‌ಲೋಡ್ ಆಯ್ತು, ಪಾಂಡವಪುರ ಬಸ್ ಸ್ಟ್ಯಾಂಡಿನಲ್ಲಿ. ಅವತ್ತಿನ ಕೂಲಿ, ಬಸ್ ಚಾರ್ಜು ಅವರದ್ದೇ ಖರ್ಚು.

ನಿಮ್ಮೂರಿನ ಪೆಟ್ಟಿಗೆಯಲ್ಲಿ ದೀಪ ಉರೀತಿದ್ಯಾ? ಒಮ್ಮೆ ಹೋಗಿ ನೋಡಿ, ನಮಗೂ ತಿಳಿಸಿ.